ಸೋಂಕು ಸಾಗುವ ದಾರಿ

ಜನವರಿ ತಿಂಗಳಲ್ಲಿ ಸಾಗರ, ಸೊರಬ, ತೀರ್ಥಹಳ್ಳಿ, ಸಿದ್ದಾಪುರದ ಕಡೆಯ ಯಾವುದಾದರೂ ಆರೋಗ್ಯ ಕೇಂದ್ರಕ್ಕೆ ಜೋರು ಜ್ವರ, ಮೈಕೈ ನೋವು ಎಂದು ಹೋದರೆ ವೈದ್ಯರು ಮೊದಲು ಕೇಳುವುದು ಊರಿನ ಸುದ್ದಿಯನ್ನು. ಕಾಡಿಗೆ ಹೋಗಿದ್ರಾ? ದರಗು ತಂದ್ರಾ? ಮನೆ ಹತ್ತಿರ ಎಲ್ಲಾದರೂ ಮಂಗ ಸತ್ತಿದೆಯಾ? ಮೈಮೇಲೆ ಉಣುಗು ಕಂಡಿತ್ತಾ? ಅದೇ ಜ್ವರ ಹೊತ್ತು ಜುಲೈಯಲ್ಲಿ ಹೋದರೆ ಪ್ರಶ್ನೆ ಬದಲಾಗುತ್ತದೆ. ಗದ್ದೆಯ ಕೆಸರಿಗೆ ಬರಿಗಾಲಲ್ಲಿ ಇಳಿದಿದ್ರಾ, ಕಾಲಲ್ಲಿ ಗಾಯ ಇತ್ತಾ, ಮನೆ ಸುತ್ತ ನೀರು ನಿಂತಿದೆಯಾ ಎಂದು ವಿಚಾರಿಸುತ್ತಾರೆ.

ಇದು ಕುಶಲೋಪರಿಯಲ್ಲ. ಮೊದಲ ಎರಡು ಮೂರು ದಿನ ಡೆಂಗಿ, ಇಲಿಜ್ವರ, ಮಲೇರಿಯಾ, ಮಂಗನ ಕಾಯಿಲೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಸುಡುವ ಜ್ವರ, ತಲೆನೋವು, ಸೊಂಟ ಹಿಡಿದುಕೊಂಡಂತಹ ನೋವು, ಊಟ ಸೇರದಿರುವುದು. ರೋಗಿಯ ಮುಖ ನೋಡಿ ಇದು ಇಂಥದ್ದೇ ಎಂದು ಹೇಳುವುದು ಎಂಥ ಅನುಭವಿ ವೈದ್ಯರಿಗೂ ಕಷ್ಟ. ಆದರೆ ಆ ರೋಗಾಣು ಎಲ್ಲಿ ವಾಸವಾಗಿತ್ತು, ಅಲ್ಲಿಂದ ಹೇಗೆ ಹೊರಬಿತ್ತು, ಯಾವುದನ್ನು ಹಿಡಿದು ಬಂತು, ಮೈಯೊಳಗೆ ಎಲ್ಲಿಂದ ನುಗ್ಗಿತು ಎಂಬುದು ಒಂದೊಂದು ಕಾಯಿಲೆಗೂ ಬೇರೆ ಬೇರೆ. ಶಾಲೆಯ ಪಾಠದಲ್ಲಿ ನಾವು ರೋಗಾಣುಗಳ ಹೆಸರಿನ ಪಟ್ಟಿ ಬಾಯಿಪಾಠ ಮಾಡಿದೆವು. ಅವು ಬರುವ ದಾರಿಯನ್ನು ಅಷ್ಟು ಗಮನ ಕೊಟ್ಟು ಕಲಿಯಲಿಲ್ಲ. ನಿಜವಾಗಿ ಜೀವ ಉಳಿಸುವ ತಿಳಿವಳಿಕೆ ಈ ಎರಡನೆಯದು ಎಂದು ನನಗೆ ಖಚಿತವಾಗಿ ಅನಿಸುತ್ತದೆ. ಅದನ್ನು ವಿವರಿಸಲು ನಮ್ಮ ಮಲೆನಾಡಿನಲ್ಲೇ ಮೊದಲು ಪತ್ತೆಯಾದ ಮಂಗನ ಕಾಯಿಲೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

1957ರ ಬೇಸಗೆಯ ಹೊತ್ತಿಗೆ ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಕಾಡಿಗೆ ಹೋಗಿಬಂದವರು ಭಾರೀ ಜ್ವರದಿಂದ ಮಲಗಿದರು. ಕೆಲವರಿಗೆ ರಕ್ತಸ್ರಾವವಾಯಿತು, ಕೆಲವರು ಉಳಿಯಲಿಲ್ಲ. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಇಂದು ಅದನ್ನೇ ರಾಷ್ಟ್ರೀಯ ವೈರಾಣು ಸಂಸ್ಥೆ ಎನ್ನುತ್ತೇವೆ. ಅಲ್ಲಿನವರಿಗೆ ಮೊದಲು ಎದೆ ಝಲ್ಲೆನಿಸಿದ್ದು ಹಳದಿ ಜ್ವರದ ಶಂಕೆಯಿಂದ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಹಬ್ಬಿದಾಗ ಮಂಗಗಳು ಹೀಗೆಯೇ ಸಾಯುತ್ತವೆ. ಏಷ್ಯಾದಲ್ಲಿ ಆ ರೋಗ ನೆಲೆಯೂರಿದ್ದೇ ಇಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ನಮ್ಮ ಮನೆ ಮನೆಯಲ್ಲೂ ಇದೆ. ಅದು ಇಲ್ಲಿಗೆ ಬಂದಿದ್ದರೆ ಅನಾಹುತವೇ ಆಗುತ್ತಿತ್ತು.

ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಸತ್ತ ಮಂಗಗಳ ಅಂಗಾಂಶ, ರೋಗಿಗಳ ರಕ್ತ, ಕಾಡಿನ ಉಣುಗು ಎಲ್ಲವನ್ನೂ ಪರೀಕ್ಷಿಸಿದರು. ಮೂರರಲ್ಲೂ ಸಿಕ್ಕಿದ್ದು ಒಂದೇ ವೈರಸ್. ಅದು ಹಳದಿ ಜ್ವರದ್ದಲ್ಲ, ಸಾವಿರಾರು ಮೈಲಿ ದೂರದ ರಷ್ಯಾದ ಕಾಡುಗಳಲ್ಲಿ ಉಣುಗು ಕಚ್ಚಿ ಬರುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ನಂಟು. ಜಗತ್ತಿಗೆ ಅದು ಹೊಸದು. ಹೀಗೆ ಕ್ಯಾಸನೂರಿನ ಹೆಸರು ವೈದ್ಯಕೀಯ ಪುಸ್ತಕಗಳಲ್ಲಿ ಸೇರಿತು.

ಈ ವೈರಸ್ ಎಷ್ಟು ಸಣ್ಣದೆಂದರೆ ಒಂದು ಮಿಲಿಮೀಟರ್ ಉದ್ದದಲ್ಲಿ ಇಪ್ಪತ್ತು ಸಾವಿರದಷ್ಟು ಸಾಲಾಗಿ ನಿಲ್ಲಬಹುದು. ಡೆಂಗಿ, ಝಿಕಾ, ಜಪಾನೀಸ್ ಎನ್ಸೆಫಲೈಟಿಸ್, ಹಳದಿ ಜ್ವರ ಎಲ್ಲವೂ ಇದೇ ಕುಟುಂಬದವು. ಒಳಗೆ ಹನ್ನೊಂದು ಸಾವಿರದ ಆಸುಪಾಸು ಅಕ್ಷರಗಳ ಒಂದು ಆರ್‌ಎನ್‌ಎ ಎಳೆ, ಅದರ ಸುತ್ತ ಪ್ರೋಟೀನಿನ ಚಿಪ್ಪು, ಹೊರಗೊಂದು ಕೊಬ್ಬಿನ ಪೊರೆ. ಅಷ್ಟೇ. ಉಣ್ಣಲು, ಉಸಿರಾಡಲು, ಸ್ವಂತವಾಗಿ ಸಂತಾನ ಬೆಳೆಸಲು ಅದರ ಬಳಿ ಯಾವ ಸಲಕರಣೆಯೂ ಇಲ್ಲ. ಅದು ನಮ್ಮ ಜೀವಕೋಶದ ಹೊರಮೈಗೆ ಅಂಟಿಕೊಳ್ಳುತ್ತದೆ. ಕೋಶ ತನಗೆ ಬೇಕಾದ ಪದಾರ್ಥವೇ ಇರಬೇಕು ಎಂದು ಅದನ್ನು ಒಂದು ಚೀಲದಲ್ಲಿ ಕಟ್ಟಿ ಒಳಗೆಳೆದುಕೊಳ್ಳುತ್ತದೆ. ಚೀಲದೊಳಗೆ ಆಮ್ಲೀಯತೆ ಹೆಚ್ಚುತ್ತಲೇ ವೈರಸ್ಸಿನ ಪೊರೆ ಚೀಲದ ಪೊರೆಯೊಂದಿಗೆ ಬೆರೆತು ಆರ್‌ಎನ್‌ಎ ಹೊರಚೆಲ್ಲುತ್ತದೆ. ನಮ್ಮ ಕೋಶದ ಪ್ರೋಟೀನ್ ತಯಾರಿಸುವ ಯಂತ್ರಗಳೇ ಆ ಎಳೆಯನ್ನು ಓದಿ ವೈರಸ್ಸಿನ ಪ್ರೋಟೀನ್ ಮಾಡಿಕೊಡುತ್ತವೆ. ಉದ್ದನೆಯ ಒಂದೇ ಪ್ರೋಟೀನ್ ಹುಟ್ಟಿ, ಅದು ಹತ್ತು ತುಂಡಾಗಿ, ಒಂದೊಂದು ತುಂಡೂ ಒಂದೊಂದು ಕೆಲಸಕ್ಕೆ ನಿಲ್ಲುತ್ತದೆ. ಮೂರು ತುಂಡು ಮೈಕಟ್ಟಿಗೆ, ಉಳಿದ ಏಳು ನಕಲು ತೆಗೆಯುವ ಮತ್ತು ನಮ್ಮ ರಕ್ಷಣಾ ವ್ಯವಸ್ಥೆಯನ್ನು ದಿಕ್ಕುತಪ್ಪಿಸುವ ಕೆಲಸಕ್ಕೆ.

ಇಷ್ಟು ತಿಳಿದರೆ ವೈರಸ್ ಜ್ವರಕ್ಕೆ ಆ್ಯಂಟಿಬಯಾಟಿಕ್ ಏಕೆ ಕೆಲಸ ಮಾಡುವುದಿಲ್ಲ ಎಂಬುದು ತಾನಾಗಿ ಅರ್ಥವಾಗುತ್ತದೆ. ಬ್ಯಾಕ್ಟೀರಿಯಾ ಹಾಗಲ್ಲ. ಅದು ಪೂರ್ಣ ಜೀವಿ. ಅದಕ್ಕೆ ತನ್ನದೇ ಗೋಡೆ, ತನ್ನದೇ ಪ್ರೋಟೀನ್ ಯಂತ್ರ, ತನ್ನದೇ ಉಣಿಸು ಇದೆ. ಪೆನಿಸಿಲಿನ್ ಆ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತದೆ, ಡಾಕ್ಸಿಸೈಕ್ಲಿನ್ ಆ ಯಂತ್ರವನ್ನು ನಿಲ್ಲಿಸುತ್ತದೆ. ಮಳೆಗಾಲದ ಇಲಿಜ್ವರ ಬರುವುದು ಸುರುಳಿಯಾಕಾರದ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾದಿಂದ. ಅದನ್ನು ಈ ಔಷಧಿಗಳು ಬೇಗ ಹಿಡಿದರೆ ಗುಣಪಡಿಸುತ್ತವೆ. ಮಂಗನ ಕಾಯಿಲೆಯ ವೈರಸ್ಸಿಗೆ ಗೋಡೆಯೂ ಇಲ್ಲ, ಸ್ವಂತ ಯಂತ್ರವೂ ಇಲ್ಲ. ಹೊಡೆಯಲು ಗುರಿಯೇ ಇಲ್ಲದ ಕಡೆ ಆ್ಯಂಟಿಬಯಾಟಿಕ್ ನುಂಗಿದರೆ ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಉಳಿದವು ಔಷಧಿಗೆ ಬಗ್ಗದಂತೆ ಪಳಗುತ್ತವೆ. ಮೆಡಿಕಲ್ ಶಾಪಿನಲ್ಲಿ ಜ್ವರಕ್ಕೊಂದು ಸ್ಟ್ರಾಂಗ್ ಮಾತ್ರೆ ಕೊಡಿ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಹೋಗಲೇಬೇಕು.

ರೋಗಾಣುಗಳಲ್ಲಿ ಇವೆರಡೇ ಅಲ್ಲದೆ ಬೇರೆ ಬಗೆಯವೂ ಇವೆ. ಮಲೇರಿಯಾದ ಪ್ಲಾಸ್ಮೋಡಿಯಂ ಏಕಕೋಶದ ಪರೋಪಜೀವಿ. ಅದರ ಕೋಶದ ರಚನೆ ಬ್ಯಾಕ್ಟೀರಿಯಾಕ್ಕಿಂತ ನಮ್ಮ ಕೋಶಕ್ಕೇ ಹತ್ತಿರ, ಹಾಗಾಗಿ ಔಷಧಿಯೂ ಬೇರೆ. ಅದರಲ್ಲಿ ವೈವ್ಯಾಕ್ಸ್ ಎಂಬ ಬಗೆ ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ನಂತರ ಮತ್ತೆ ಜ್ವರ ತರಬಲ್ಲದು. ಜ್ವರ ಬಿಟ್ಟ ಮೇಲೂ 14 ದಿನ ಪ್ರಿಮಾಕ್ವಿನ್ ನುಂಗಿ ಎಂದು ವೈದ್ಯರು ಹೇಳುವುದು ಆ ಅಡಗಿದ್ದನ್ನು ಮುಗಿಸಲು. ಗಜಕರ್ಣ ತರುವುದು ಶಿಲೀಂಧ್ರ. ತುರಿಕೆ ತಕ್ಷಣ ನಿಲ್ಲಲಿ ಎಂದು ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಚರ್ಮದ ಪ್ರತಿರೋಧ ಕುಗ್ಗಿ ಅದು ಇನ್ನಷ್ಟು ಹಬ್ಬುತ್ತದೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನೇ ಕೊರೆದು ಒಳಸೇರಿ, ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತದೆ. ರೋಗಾಣು ಯಾವ ಬಗೆಯದು ಎಂಬುದರ ಮೇಲೆ ಔಷಧಿ ನಿಂತಿದೆ. ಆದರೆ ರೋಗ ಬಾರದಂತೆ ತಡೆಯಬೇಕಾದರೆ ಅದು ಬರುವ ದಾರಿಯನ್ನೇ ಹಿಡಿಯಬೇಕು.

ಮಂಗನ ಕಾಯಿಲೆಯಲ್ಲಿ ಆ ದಾರಿ ಉಣುಗು.

ಮಲೆನಾಡಿನ ಕಾಡಿನಲ್ಲಿ ಹಲವು ಬಗೆಯ ಉಣುಗುಗಳಿವೆ. ಈ ವೈರಸ್ಸನ್ನು ಹೆಚ್ಚಾಗಿ ಹೊತ್ತು ತಿರುಗುವುದು ಹೀಮಫೈಸಾಲಿಸ್ ಸ್ಪೈನಿಜೆರಾ ಎಂಬುದು. ಇದರ ಬದುಕನ್ನು ಕೊಂಚ ಹತ್ತಿರದಿಂದ ನೋಡಬೇಕು, ಏಕೆಂದರೆ ಕಾಯಿಲೆಯ ಕಾಲಪಟ್ಟಿ ಪೂರ್ತಿ ಇದರ ಬದುಕಿನಲ್ಲಿದೆ. ಮಳೆಗಾಲ ಶುರುವಾದಾಗ ಹೊಟ್ಟೆತುಂಬ ರಕ್ತ ಕುಡಿದ ಹೆಣ್ಣು ಉಣುಗು ನೆಲಕ್ಕುದುರಿ, ಕೊಳೆತ ಎಲೆಗಳ ಅಡಿಯಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಮಳೆ ಕಡಿಮೆಯಾಗುವ ಹೊತ್ತಿಗೆ ಆರು ಕಾಲಿನ ಮರಿಗಳು ಹೊರಬರುತ್ತವೆ. ಅವು ಇಲಿ, ಮೂಗಿಲಿ, ಅಳಿಲು, ನೆಲದ ಮೇಲೆ ಆಡುವ ಹಕ್ಕಿ, ಮಂಗ ಹೀಗೆ ಸಿಕ್ಕಿದ ಪ್ರಾಣಿಗೆ ಅಂಟಿ ರಕ್ತ ಕುಡಿದು ಉದುರಿ, ಪೊರೆ ಕಳಚಿ ಎಂಟು ಕಾಲಿನ ಮರಿಯಾಗುತ್ತವೆ. ಈ ಎರಡನೇ ಹಂತದ ಮರಿ ನವೆಂಬರಿನಿಂದ ಬೇಸಗೆಯ ಕೊನೆಯವರೆಗೂ ಕಾಡಿನಲ್ಲಿ ತುಂಬಿರುತ್ತದೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದೂ ಇದೇ. ಮತ್ತೆ ರಕ್ತ ಕುಡಿದು, ಮತ್ತೆ ಉದುರಿ, ಬೆಳೆದ ಉಣುಗಾದ ಮೇಲೆ ಅದು ದನ, ಕಡವೆಯಂಥ ದೊಡ್ಡ ಪ್ರಾಣಿಯನ್ನು ಹುಡುಕುತ್ತದೆ.

ಇಡೀ ಆಯಸ್ಸಿನಲ್ಲಿ ಊಟ ಮೂರೇ ಬಾರಿ, ಮೂರೂ ಬೇರೆ ಬೇರೆ ಪ್ರಾಣಿಯ ಮೇಲೆ. ಆರು ಕಾಲಿನ ಮರಿ ಸೋಂಕು ತಗುಲಿದ ಇಲಿಯ ರಕ್ತ ಕುಡಿದರೆ ವೈರಸ್ ಅದರೊಳಗೆ ಸೇರಿ, ಪೊರೆ ಕಳಚಿದ ಮೇಲೂ ಉಳಿದುಕೊಂಡು, ಮುಂದಿನ ಊಟದ ಹೊತ್ತಿಗೆ ಅದರ ಜೊಲ್ಲಿನ ಮೂಲಕ ಇನ್ನೊಂದು ಪ್ರಾಣಿಗೆ ದಾಟುತ್ತದೆ. ಉಣುಗಿಗೆ ಇದರಿಂದ ತೊಂದರೆಯಿಲ್ಲ. ವೈರಸ್ಸಿನ ಮಟ್ಟಿಗೆ ಉಣುಗು ಬರೀ ವಾಹನವಲ್ಲ, ಮನೆಯೂ ಹೌದು.

ಎಂಟು ಕಾಲಿನ ಮರಿ ಹುಲ್ಲಿನ ತುದಿಯಲ್ಲೋ ಗಿಡದ ಎಲೆಯ ಅಂಚಿನಲ್ಲೋ ಮುಂಗಾಲು ಚಾಚಿ ಕಾಯುತ್ತದೆ. ಹಾದುಹೋಗುವ ಪ್ರಾಣಿಯ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಬಿಸಿ, ಅಲುಗಾಟ ಅದಕ್ಕೆ ಗೊತ್ತಾಗುತ್ತದೆ. ಹಾರಲು, ನೆಗೆಯಲು ಅದಕ್ಕೆ ಬರುವುದಿಲ್ಲ, ತಾಗಿದರೆ ಹಿಡಿದುಕೊಳ್ಳುತ್ತದೆ. ಒಂದೆರಡು ಮಿಲಿಮೀಟರಿನ ಆ ದೇಹ ಕಾಲಿನ ಕೂದಲ ನಡುವೆ ತೆವಳಿದರೂ ತಿಳಿಯುವುದಿಲ್ಲ. ಮಂಡಿಯ ಹಿಂದೆ, ತೊಡೆಸಂದಿ, ಸೊಂಟದ ದಾರದ ಕೆಳಗೆ, ಕಂಕುಳು, ಕಿವಿಯ ಹಿಂಭಾಗ ಇಂಥ ಮೆತ್ತನೆಯ ಜಾಗ ಹುಡುಕಿ ಚರ್ಮ ಸೀಳುತ್ತದೆ. ಅದರ ಬಾಯಿಯ ಕೊಳವೆಯಲ್ಲಿ ಗರಗಸದ ಹಲ್ಲಿನಂತೆ ಹಿಮ್ಮುಖವಾಗಿ ಬಾಗಿದ ಮುಳ್ಳುಗಳಿವೆ, ಅದಕ್ಕೇ ಎಳೆದರೂ ಸುಲಭವಾಗಿ ಬಿಡುವುದಿಲ್ಲ. ಜೊಲ್ಲಿನಲ್ಲಿ ನೋವು ತಿಳಿಯದಂತೆ ಮಾಡುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಆ ಜಾಗದ ಪ್ರತಿರೋಧವನ್ನು ಮಂದಗೊಳಿಸುವ ಪದಾರ್ಥಗಳಿವೆ. ತಾನು ದಿನಗಟ್ಟಲೆ ಕೂತು ಕುಡಿಯಲೆಂದು ಉಣುಗು ಮಾಡಿಕೊಂಡ ಈ ಏರ್ಪಾಡೇ ವೈರಸ್ಸಿಗೂ ಹಾದಿ ಸಲೀಸು ಮಾಡಿಕೊಡುತ್ತದೆ.

ಈಗ ಮಂಗನ ಪಾತ್ರ. ಮುಸುವ, ಕೆಂಪು ಮೂತಿಯ ಕೋತಿ ಎರಡೂ ಈ ಸೋಂಕಿಗೆ ನಮ್ಮಂತೆಯೇ, ನಮಗಿಂತಲೂ ಹೆಚ್ಚಾಗಿ ಬಲಿಯಾಗುತ್ತವೆ. ಕಾಯಿಲೆ ಬಿದ್ದ ಮಂಗನ ರಕ್ತದಲ್ಲಿ ಕೆಲವು ದಿನ ವೈರಸ್ ವಿಪರೀತ ಇರುತ್ತದೆ. ಆಗ ಅದರ ಮೈಮೇಲಿನ ನೂರಾರು ಉಣುಗುಮರಿಗಳಿಗೆ ಸೋಂಕು ತಗಲುತ್ತದೆ. ಮಂಗ ಸತ್ತು ದೇಹ ತಣ್ಣಗಾದಾಗ ಅವೆಲ್ಲ ಇಳಿದು ಸುತ್ತಲ ನೆಲಕ್ಕೆ ಹರಡುತ್ತವೆ. ಮಂಗ ಸತ್ತ ಜಾಗ ಅಪಾಯಕಾರಿ ಎನ್ನುವುದು ಇದಕ್ಕೇ. ಸತ್ತ ಮಂಗ ಕಂಡರೆ ಸುತ್ತ ಸುಮಾರು 50 ಅಡಿ ಆವರಣಕ್ಕೆ ಮೆಲಾಥಿಯಾನ್ ಸಿಂಪಡಿಸುವ ಪದ್ಧತಿ ಬಂದದ್ದೂ ಇದೇ ಲೆಕ್ಕದಲ್ಲಿ. 2012ರಲ್ಲಿ ಬಂಡೀಪುರದಲ್ಲಿ ಕಾಯಿಲೆ ಬಂದವರಲ್ಲಿ ಸತ್ತ ಮಂಗಗಳ ವಿಲೇವಾರಿಗೆ ಹೋದವರೂ ಇದ್ದರು.

ದನದ ಕಥೆ ಬೇರೆ. ಈ ವೈರಸ್ಸಿನಿಂದ ದನ ಹಾಸಿಗೆ ಹಿಡಿಯುವುದಿಲ್ಲ, ಅದರ ರಕ್ತದಲ್ಲಿ ವೈರಸ್ ಹೆಚ್ಚು ಬೆಳೆಯುವುದೂ ಇಲ್ಲ. ಆದರೆ ಬೆಳೆದ ಉಣುಗಿಗೆ ಹೊಟ್ಟೆತುಂಬ ಊಟ ಕೊಡುವುದು ದನವೇ. ಕಾಡಂಚಿಗೆ ಮೇಯಲು ಬಿಟ್ಟ ದನ ಹೆಚ್ಚಿದಷ್ಟೂ ಉಣುಗಿನ ಸಂತಾನ ಹೆಚ್ಚುತ್ತದೆ. ಕಾಡು ಕಡಿದು ಗದ್ದೆ, ತೋಟ, ಗೇರು ನೆಡುತೋಪು ಮಾಡಿದಾಗ ಲಂಟಾನದಂಥ ಪೊದೆ ಬೆಳೆದ ಅಂಚುಗಳು ಹೆಚ್ಚುತ್ತವೆ, ಅಲ್ಲೇ ಇಲಿ, ದನ, ಮಂಗ, ಮನುಷ್ಯ ಎಲ್ಲ ಒಂದೆಡೆ ಸೇರುತ್ತಾರೆ. ಕಾಯಿಲೆ ದಟ್ಟ ಕಾಡಿನ ನಡುವೆ ಇದ್ದಾಗ ಯಾರಿಗೂ ಗೊತ್ತಿರಲಿಲ್ಲ. ನಾವು ಅಂಚನ್ನು ಮುರಿದು ಒಳಹೊಕ್ಕಾಗ ಅದು ನಮಗೆ ಎದುರಾಯಿತು.

ಮತ್ತೆ ದರಗಿನ ಮಾತು. ಕೊಟ್ಟಿಗೆಗೆ ಹಾಸಲು, ಅಡಿಕೆ ಮರದ ಬುಡಕ್ಕೆ ಹೊದಿಸಲು ಮಲೆನಾಡಿನವರು ಡಿಸೆಂಬರಿನಿಂದ ಮಾರ್ಚ್ ತನಕ ಸೊಪ್ಪಿನ ಬೆಟ್ಟದಲ್ಲಿ ಒಣಗಿದ ಎಲೆ ಗುಡಿಸಿ ಹೊರೆ ಕಟ್ಟಿ ತರುತ್ತಾರೆ. ಉಣುಗುಮರಿ ತುಂಬಿರುವ ಕಾಲವೂ ಅದೇ, ಅದು ಅಡಗುವ ಜಾಗವೂ ಅದೇ. ಹೊರೆಯ ಜೊತೆ ಉಣುಗು ನೇರ ಹಿತ್ತಲಿಗೆ ಬರುತ್ತದೆ. ಕಾಡಿನ ಮುಖವನ್ನೇ ನೋಡದ ಮನೆಯ ಅಜ್ಜಿಗೆ ಕಾಯಿಲೆ ಬಂದಾಗ ಊರವರು ಬೆರಗಾಗುತ್ತಾರೆ. ಹೊರೆ ಬಿಚ್ಚಿದ ಅಂಗಳ ನೋಡಿದರೆ ಬೆರಗಿಗೆ ಕಾರಣ ಉಳಿಯುವುದಿಲ್ಲ.

ಮನುಷ್ಯನ ಹತ್ತಿರ ಈ ದಾರಿ ಮುಗಿಯುತ್ತದೆ. ಮಂಗನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹಬ್ಬುವುದಿಲ್ಲ. ರೋಗಿಯ ಪಕ್ಕ ಕೂತು ಗಂಜಿ ಕುಡಿಸಿದರೆ, ಬಟ್ಟೆ ತೊಳೆದರೆ, ಒಂದೇ ಕೋಣೆಯಲ್ಲಿ ಮಲಗಿದರೆ ಏನೂ ಆಗುವುದಿಲ್ಲ. ಸೋಂಕುರೋಗವೆಲ್ಲ ಅಂಟುರೋಗ ಎಂಬ ತಪ್ಪು ಕಲ್ಪನೆಯಿಂದ ಕಾಯಿಲೆಯವರ ಮನೆಗೆ ಹೋಗದಿರುವುದು, ಕೂಲಿಗೆ ಕರೆಯದಿರುವುದು ಆಗಬಾರದು. ದಡಾರ ಅಂಟುತ್ತದೆ. ಲಸಿಕೆಯಾಗಲಿ ಹಿಂದಿನ ಸೋಂಕಾಗಲಿ ಇಲ್ಲದವರ ನಡುವೆ ಒಬ್ಬ ದಡಾರದ ರೋಗಿ ಸರಾಸರಿ 12ರಿಂದ 18 ಮಂದಿಗೆ ಅದನ್ನು ದಾಟಿಸಬಲ್ಲ, ಏಕೆಂದರೆ ಅದು ಕೋಣೆಯ ಗಾಳಿಯಲ್ಲೇ ತೇಲುತ್ತಿರುತ್ತದೆ. ಟೈಫಾಯ್ಡ್ ಮಲದಿಂದ ಕೈಗೆ, ಕೈಯಿಂದ ಅನ್ನ ನೀರಿಗೆ ಬರುತ್ತದೆ. ಕಾಯಿಲೆ ಗುಣವಾದ ಕೆಲವರ ಪಿತ್ತಕೋಶದಲ್ಲಿ ವರ್ಷಗಟ್ಟಲೆ ಉಳಿದು ಗುಟ್ಟಾಗಿ ಹರಡುವುದೂ ಉಂಟು. ಇಲಿಜ್ವರ ಇಲಿಯ ಮೂತ್ರ ಬೆರೆತ ಕೆಸರಿನಿಂದ ಕಾಲಿನ ಬಿರುಕಿಗೆ. ಡೆಂಗಿ ಹಗಲು ಕಚ್ಚುವ ಈಡಿಸ್ ಸೊಳ್ಳೆಯಿಂದ. ಅದರ ಮೊಟ್ಟೆ ಒಣಗಿದ ಹೂಕುಂಡದಲ್ಲಿ ತಿಂಗಳುಗಟ್ಟಲೆ ಇದ್ದು ನೀರು ಬಿದ್ದೊಡನೆ ಮರಿಯಾಗುತ್ತದೆ, ಹಾಗಾಗಿ ನೀರು ಚೆಲ್ಲಿದರೆ ಸಾಲದು, ಪಾತ್ರೆಯ ಒಳಮೈ ತಿಕ್ಕಬೇಕು.

ಉಣುಗು ಕಚ್ಚಿದ ದಿನವೇ ಜ್ವರ ಬರುವುದಿಲ್ಲ. ಮೂರರಿಂದ ಎಂಟು ದಿನ ವೈರಸ್ ಸದ್ದಿಲ್ಲದೆ ಹೆಚ್ಚುತ್ತಿರುತ್ತದೆ. ಸೋಂಕು ತಗಲುವುದಕ್ಕೂ ಲಕ್ಷಣ ಕಾಣುವುದಕ್ಕೂ ನಡುವಿನ ಈ ಅವಧಿ ಒಂದೊಂದು ರೋಗಕ್ಕೆ ಒಂದೊಂದು ಬಗೆ. ರೇಬೀಸಿನಲ್ಲಿ ಇದು ಸಾಮಾನ್ಯವಾಗಿ ವಾರಗಳಿಂದ ತಿಂಗಳುಗಳವರೆಗೆ ಹೋಗುತ್ತದೆ. ನಾಯಿ ಕಚ್ಚಿದ ಮೇಲೆ ಲಸಿಕೆ ಹಾಕಿಸಿಕೊಂಡರೂ ಬದುಕುವುದು ಆ ಬಿಡುವಿನಿಂದ. ಮಂಗನ ಕಾಯಿಲೆಯಲ್ಲಿ ಅಷ್ಟು ಬಿಡುವಿಲ್ಲ. ಕಚ್ಚಿದ ಮೇಲೆ ಹಾಕುವ ಲಸಿಕೆಯೂ ಇಲ್ಲ.

ಜ್ವರ ಒಮ್ಮೆಗೇ ಏರುತ್ತದೆ. ಹಣೆ ಸಿಡಿಯುವ ತಲೆನೋವು, ಮಗ್ಗುಲು ಬದಲಿಸಲಾಗದಷ್ಟು ಸ್ನಾಯುನೋವು, ಕಣ್ಣು ಕೆಂಪು, ವಾಂತಿ, ಭೇದಿ. ಕೆಲವರಿಗೆ ವಸಡು, ಮೂಗು, ಕರುಳಿನಿಂದ ರಕ್ತ. ಈ ನೋವಿನಲ್ಲಿ ಹೆಚ್ಚಿನ ಪಾಲು ನಮ್ಮ ದೇಹದ ಪ್ರತಿರೋಧದಿಂದಲೇ ಬರುವುದು. ಸೋಂಕಿನ ಸುಳಿವು ಸಿಕ್ಕ ಕೋಶಗಳು ಹೊರಡಿಸುವ ರಾಸಾಯನಿಕಗಳು ಮಿದುಳಿಗೆ ಮೈಯ ಬಿಸಿ ಏರಿಸಲು ಹೇಳುತ್ತವೆ, ಸ್ನಾಯುಗಳನ್ನು ನೋಯಿಸುತ್ತವೆ. ರಕ್ತಪರೀಕ್ಷೆಯಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಇಳಿದಿರುತ್ತವೆ. ಬಹುತೇಕರಿಗೆ ಒಂದೆರಡು ವಾರದಲ್ಲಿ ಜ್ವರ ಬಿಡುತ್ತದೆ, ಸುಸ್ತು ಮಾತ್ರ ವಾರಗಟ್ಟಲೆ ಕಾಡುತ್ತದೆ. ಹತ್ತರಲ್ಲಿ ಒಬ್ಬಿಬ್ಬರಿಗೆ ಗುಣವಾಯಿತು ಎಂದುಕೊಂಡ ಮೇಲೆ ಜ್ವರ ಮರಳುತ್ತದೆ. ಆಗ ಕುತ್ತಿಗೆ ಬಿಗಿತ, ನಡುಕ, ಕಣ್ಣು ಮಂಜು, ಗೊಂದಲದ ಮಾತು ಕಾಣಬಹುದು. ಇದನ್ನು ಮನೆಯವರು ಗಮನವಿಟ್ಟು ನೋಡಿಕೊಳ್ಳಬೇಕು, ಕಂಡ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಕಾಯಿಲೆ ಬಂದ ನೂರರಲ್ಲಿ ಮೂವರಿಂದ ಐವರು ತೀರಿಕೊಳ್ಳುತ್ತಾರೆ ಎಂಬುದು ಸಾಮಾನ್ಯ ಲೆಕ್ಕ.

ಪರೀಕ್ಷೆಯೂ ದಿನ ನೋಡಿ ನಡೆಯುತ್ತದೆ. ಮೊದಲ ವಾರ ರಕ್ತದಲ್ಲಿ ವೈರಸ್ಸೇ ಇರುವುದರಿಂದ ಅದರ ಆರ್‌ಎನ್‌ಎ ಹುಡುಕುವ ಆರ್‌ಟಿ-ಪಿಸಿಆರ್ ಮಾಡುತ್ತಾರೆ. ದಿನ ಕಳೆದಂತೆ ವೈರಸ್ ಕಡಿಮೆಯಾಗಿ ದೇಹ ತಯಾರಿಸಿದ ಪ್ರತಿಕಾಯ ಹೆಚ್ಚುತ್ತದೆ, ಆಗ ಐಜಿಎಂ ಪರೀಕ್ಷೆ. ಜ್ವರ ಬಂದು ಎಷ್ಟು ದಿನವಾಯಿತು ಎಂದು ಸರಿಯಾಗಿ ಹೇಳದಿದ್ದರೆ ತಪ್ಪು ಪರೀಕ್ಷೆ ಮಾಡಿ ಕಾಯಿಲೆಯಿಲ್ಲ ಎಂಬ ಉತ್ತರ ಬರಬಹುದು. ಚಿಕಿತ್ಸೆ ಎಂದರೆ ದೇಹಕ್ಕೆ ಗೆಲ್ಲಲು ಬೇಕಾದ ಸಮಯ ಕೊಡಿಸುವುದು. ದ್ರವ ಕೊಡುವುದು, ರಕ್ತದೊತ್ತಡ ಕಾಯುವುದು, ರಕ್ತಸ್ರಾವ ನಿಭಾಯಿಸುವುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು.

ದಾರಿ ಕಡಿದರೆ ರೋಗ ನಿಲ್ಲುತ್ತದೆ ಎಂಬುದಕ್ಕೆ ನಮ್ಮಲ್ಲೇ ಗಟ್ಟಿ ಸಾಕ್ಷಿ ಇದೆ. ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣು ನೆನಪಿರಬೇಕು. ಮೆಟ್ಟಿಲು ಬಾವಿಯ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿಯೊಳಗೆ ಹುಳುವಿನ ಮರಿ ಇರುತ್ತಿತ್ತು. ಆ ನೀರು ಕುಡಿದವರ ಮೈಯಲ್ಲಿ ವರ್ಷದಷ್ಟು ಕಾಲ ಬೆಳೆದು, ಒಂದು ಮೀಟರಿನಷ್ಟು ಉದ್ದವಾಗಿ, ಕಾಲಿನಲ್ಲಿ ಹುಣ್ಣೆಬ್ಬಿಸಿ ಅದು ಹೊರಬರುತ್ತಿತ್ತು. ಉರಿ ತಾಳದೆ ರೋಗಿ ಬಾವಿಯ ಮೆಟ್ಟಿಲಿಳಿದು ಕಾಲು ತೊಳೆದರೆ ಹುಳು ಲಕ್ಷಾಂತರ ಮರಿಗಳನ್ನು ನೀರಿಗೆ ಬಿಡುತ್ತಿತ್ತು. ಈ ರೋಗಕ್ಕೆ ಲಸಿಕೆ ಇರಲಿಲ್ಲ, ಹುಳು ಕೊಲ್ಲುವ ಔಷಧಿಯೂ ಇರಲಿಲ್ಲ; ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯುವುದೊಂದೇ ಉಪಾಯ. ಆದರೂ ಗೆದ್ದೆವು. ಮೆಟ್ಟಿಲು ಬಾವಿಗಳನ್ನು ರಾಟೆಬಾವಿಯಾಗಿ ಬದಲಿಸಿದರು, ಕೊಳವೆಬಾವಿ ಕೊರೆದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಸಿಡುಬು ಹೋದದ್ದು ಲಸಿಕೆಯಿಂದ. ಆ ವೈರಸ್ಸಿಗೆ ಮನುಷ್ಯನನ್ನು ಬಿಟ್ಟು ಬೇರೆ ಆಸರೆ ಇರಲಿಲ್ಲ, ಹಾಗಾಗಿ ಮನುಷ್ಯರಲ್ಲಿ ನಿಲ್ಲಿಸಿದರೆ ಸಾಕಾಯಿತು.

ಮಂಗನ ಕಾಯಿಲೆಯನ್ನು ಹಾಗೆ ಬೇರುಸಹಿತ ಕೀಳಲಾಗದು. ಕಾಡಿನ ಇಲಿಯನ್ನೂ ಉಣುಗನ್ನೂ ಯಾರೂ ಮುಗಿಸಲಾರರು, ಮುಗಿಸಲೂಬಾರದು. 1957ರಿಂದ ಐದು ದಶಕ ಅದು ಕರ್ನಾಟಕದ ಕೆಲವೇ ಜಿಲ್ಲೆಗಳ ಕಾಯಿಲೆಯಾಗಿತ್ತು. 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಂಡಿದೆ. ಪಶ್ಚಿಮ ಘಟ್ಟದ ಅಂಚಿನಲ್ಲಿ ಇರುವ ಎಲ್ಲರೂ ಇದರ ಜೊತೆ ಬದುಕಲು ಕಲಿಯಬೇಕಿದೆ. ಉಣುಗಿನಿಂದ ಚರ್ಮಕ್ಕೆ ಬರುವ ಆ ಒಂದು ಕೊಂಡಿಯನ್ನು ಮುರಿಯುವುದಷ್ಟೇ ನಮ್ಮ ಕೈಯಲ್ಲಿದೆ.

ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಹೂಳುವ ಸಾಹಸ ಬೇಡ. ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ಅರಣ್ಯ ಇಲಾಖೆಗೋ ಕೂಡಲೇ ತಿಳಿಸಿ. ಅಲ್ಲಿಂದ ಮಾದರಿ ಪರೀಕ್ಷೆಗೆ ಹೋಗುತ್ತದೆ, ಸೋಂಕು ಖಚಿತವಾದರೆ ಊರಿನವರು ಆ ಕಡೆಯ ಸೊಪ್ಪಿನ ಬೆಟ್ಟವನ್ನು ಮಳೆ ಬೀಳುವವರೆಗೆ ಬಿಟ್ಟುಬಿಡುವುದು ಕ್ಷೇಮ. ಹೋಗಲೇಬೇಕಾದವರು ಉದ್ದ ತೋಳಿನ ಅಂಗಿ ತೊಟ್ಟು, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿ, ತೆರೆದ ಚರ್ಮಕ್ಕೆ ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಹಚ್ಚಿಕೊಳ್ಳಬೇಕು. ಆ ಎಣ್ಣೆಯ ಶಕ್ತಿ ಕೆಲವು ಗಂಟೆ ಮಾತ್ರ. ಮನೆಗೆ ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೈಯ ಸಂದುಗೊಂದು ನೋಡಿಕೊಳ್ಳಿ. ಮಕ್ಕಳ ಕಿವಿಯ ಹಿಂದೆ, ಕೂದಲ ಬುಡದಲ್ಲಿ ನೀವೇ ನೋಡಿ. ದನಗಳಿಗೆ ಉಣುಗು ತಡೆಯುವ ಔಷಧಿಯನ್ನು ಪಶುವೈದ್ಯರಿಂದ ಕೊಡಿಸಿ.

ಅಂಟಿದ ಉಣುಗು ಕಂಡರೆ ಸೀಮೆಎಣ್ಣೆ ಸುರಿಯುವುದು, ಬೀಡಿಯಿಂದ ಸುಡುವುದು, ಉಗುರಲ್ಲಿ ಹಿಸುಕುವುದು ಬೇಡ. ಹಿಂಸೆಯಾದರೆ ಅದು ಜೊಲ್ಲನ್ನು ಇನ್ನಷ್ಟು ಒಳಗೆ ಕಕ್ಕಬಹುದು. ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಅದರ ಬಾಯಿಯ ಭಾಗವನ್ನೇ ಹಿಡಿದು, ತಿರುಚದೆ, ನಿಧಾನವಾಗಿ ನೇರಕ್ಕೆ ಎಳೆಯಿರಿ. ಜಾಗವನ್ನು ಸೋಪಿನಿಂದ ತೊಳೆದು, ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮುಂದಿನ ಹತ್ತು ದಿನದಲ್ಲಿ ಜ್ವರ ಬಂದರೆ ವೈದ್ಯರಿಗೆ ಆ ದಿನಾಂಕ ಬೇಕಾಗುತ್ತದೆ.

ಲಸಿಕೆಯ ವಿಷಯ ಎಲ್ಲರೂ ಕೇಳುತ್ತಾರೆ. 1990ರ ಹೊತ್ತಿನಿಂದ ಬಳಕೆಯಲ್ಲಿದ್ದ ಹಳೆಯ ಲಸಿಕೆಗೆ ತಿಂಗಳ ಅಂತರದಲ್ಲಿ ಎರಡು ಡೋಸ್, ಮತ್ತೆ ಬೂಸ್ಟರ್, ಆಮೇಲೆ ವರ್ಷ ವರ್ಷವೂ ಚುಚ್ಚುಮದ್ದು ಬೇಕಿತ್ತು. 2005ರಿಂದ 2010ರ ಅವಧಿಯ ಅಧ್ಯಯನವೊಂದರಲ್ಲಿ ಎರಡು ಡೋಸಿನಿಂದ ಶೇಕಡಾ 62.4, ಬೂಸ್ಟರ್ ಸೇರಿದಾಗ ಶೇಕಡಾ 82.9 ರಕ್ಷಣೆ ಕಂಡಿತು. ಒಂದೇ ಡೋಸ್ ಹಾಕಿಸಿಕೊಂಡು ಬಿಟ್ಟವರಿಗೆ ಪ್ರಯೋಜನ ಸಿಗಲಿಲ್ಲ. ವರ್ಷಗಳು ಕಳೆದಂತೆ ಅದರ ಸಾಮರ್ಥ್ಯ ಕುಗ್ಗಿದ್ದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಲ್ಲಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿದೆ. ಅದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬಂದು ಮುಟ್ಟುವ ತನಕ ಡೀಪಾ ಎಣ್ಣೆಯ ಶೀಸೆಯನ್ನು ನವೆಂಬರಿನಲ್ಲೇ ಕೇಳಿ ಪಡೆಯಿರಿ. ಅದು ಉಚಿತ. ಮುಗಿದರೆ ಮತ್ತೆ ಕೇಳಿ, ಮನೆಯ ಕೆಲಸಕ್ಕೆ ಬರುವವರಿಗೂ ಕೊಡಿಸಿ.